ಕರ್ತೃ, ಪ್ರತಿಕಾರ, ಪೋಷಕ: ಮೊಜಾರ್ಟನ ಹೆಸರಿನ ಒಂದು ಸುಷಿರವಾದ್ಯ ಕೃತಿ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಸಿನ್‌ಫೋನಿಯಾ ಕನ್ಸರ್ಟಾಂಟೆ ಎಂಬ ಪ್ರಕಾರವೊಂದುಂಟು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸ್ ನಗರದಲ್ಲಿ ಇದಕ್ಕೆ ವಿಶೇಷ ಮನ್ನಣೆಯಿತ್ತು. ಒಬ್ಬನೇ ಮುಖ್ಯವಾದಕನಿರುವ ರಚನೆ ಕನ್ಸರ್ಟೊ. ವೃಂದವೆಲ್ಲ ಒಂದಾಗಿ ನುಡಿಸುವುದು ಸಿಂಫನಿ. ಇವೆರಡರ ನಡುವೆ ನಿಲ್ಲುವ ಸಿನ್‌ಫೋನಿಯಾ ಕನ್ಸರ್ಟಾಂಟೆಯಲ್ಲಿ ಇಬ್ಬರು, ಮೂವರು ಅಥವಾ ನಾಲ್ವರು ಮುಖ್ಯವಾದಕರು ವೃಂದದ ಎದುರಿಗೆ ನಿಂತು ಪರಸ್ಪರ ಸಂವಾದ ನಡೆಸುತ್ತಾರೆ. ಮೊಜಾರ್ಟನ ಹೆಸರಿನಲ್ಲಿ ಪ್ರಚಾರದಲ್ಲಿರುವ, ಓಬೋ, ಕ್ಲಾರಿನೆಟ್, ಹಾರ್ನ್ ಮತ್ತು ಬಸೂನ್ ಎಂಬ ನಾಲ್ಕು ಸುಷಿರವಾದ್ಯಗಳನ್ನು ಮುಂದಿಟ್ಟುಕೊಂಡ ರಚನೆಯು ಈ ಪ್ರಕಾರದ ಅತ್ಯಂತ ಜನಪ್ರಿಯ ಕೃತಿಗಳಲ್ಲೊಂದು. ವಿದ್ವಾಂಸರಲ್ಲಿ ಅತ್ಯಂತ ವಿವಾದಕ್ಕೆ ಒಳಗಾದುದೂ ಅದೇ. ಕೇಳುಗರು ಅದನ್ನು ಮೊಜಾರ್ಟನದೆಂದು ನಂಬಿ ಆನಂದಿಸಿದ್ದಾರೆ. ಅದು ನಿಜವಾಗಿ ಅವನದೇ ಎಂಬ ಪ್ರಶ್ನೆಗೆ ಗ್ರಂಥಸಂಪಾದಕರು ಒಂದೂವರೆ ಶತಮಾನದಿಂದ ಉತ್ತರ ಹುಡುಕುತ್ತಿದ್ದಾರೆ. ಆ ಹುಡುಕಾಟದ ಕ್ರಮ ಪ್ರಾಚೀನ ಕನ್ನಡ ಸಾಹಿತ್ಯದ, ಅದರಲ್ಲಿಯೂ ಜೈನ ಕೃತಿಗಳ, ಅಭ್ಯಾಸಿಗೆ ಅಪರಿಚಿತವಾದುದಲ್ಲ. ಈ ಕೃತಿಯನ್ನು ಧ್ವನಿಮುದ್ರಿಸಿದ ವೃಂದದ ಚರಿತ್ರೆಯಲ್ಲಿ ಮೈಸೂರಿನ ಅರಸರೊಬ್ಬರ ಹೆಸರೂ ಸೇರಿದೆ.

ಮೊದಲು ಚರಿತ್ರೆಯ ಸಂಗತಿಗಳು. ಇಪ್ಪತ್ತೆರಡು ವರ್ಷದ ಮೊಜಾರ್ಟ್ 1778ರ ಮಾರ್ಚ್ ತಿಂಗಳಲ್ಲಿ ತಾಯಿಯೊಂದಿಗೆ ಪ್ಯಾರಿಸ್ ತಲುಪಿದನು. ಉದ್ಯೋಗವನ್ನರಸಿ ಕೈಗೊಂಡ ಪ್ರವಾಸವದು. ಏಪ್ರಿಲ್ 5ರಂದು ತಂದೆಗೆ ಬರೆದ ಪತ್ರದಲ್ಲಿ, ತಾನು ನಾಲ್ವರು ವಾದಕರಿಗಾಗಿ ಸಿನ್‌ಫೋನಿಯಾ ಕನ್ಸರ್ಟಾಂಟೆಯೊಂದನ್ನು ರಚಿಸಲಿರುವುದಾಗಿ ತಿಳಿಸಿದ್ದಾನೆ. ವಾದಕರ ಹೆಸರುಗಳೂ ಅಲ್ಲಿವೆ: ಕೊಳಲಿಗೆ ವೆಂಡ್ಲಿಂಗ್, ಓಬೋಗೆ ರಾಮ್, ಹಾರ್ನ್‌ಗೆ ಪುಂಟೊ, ಬಸೂನ್‌ಗೆ ರಿಟ್ಟರ್. ಇವರಲ್ಲಿ ಪುಂಟೊ ಬೊಹೀಮಿಯಾದವನು. ಉಳಿದ ಮೂವರು ಯುರೋಪಿನಲ್ಲೇ ಹೆಸರಾದ ಮಾನ್‌ಹೈಮ್ ಆಸ್ಥಾನದ ವಾದ್ಯವೃಂದಕ್ಕೆ ಸೇರಿದವರು. ಕೃತಿಯನ್ನು ಕೊಂಡವನು ಕಾನ್ಸರ್ ಸ್ಪಿರಿಚುಯೆಲ್ ಎಂಬ ಪ್ರಸಿದ್ಧ ಕಛೇರಿ ಸಂಸ್ಥೆಯ ನಿರ್ದೇಶಕ ಲೆಗ್ರೋ.

ಆದರೆ ಕಛೇರಿ ನಡೆಯಲಿಲ್ಲ. ಮೇ 1ರ ಪತ್ರದಲ್ಲಿ ಮೊಜಾರ್ಟನ ಅಸಮಾಧಾನ ಕಾಣುತ್ತದೆ. ಬಿಡಿ ಪ್ರತಿಗಳನ್ನು ತೆಗೆಸಲೆಂದು ಕೊಟ್ಟ ಹಸ್ತಪ್ರತಿ ಲೆಗ್ರೋನ ಮನೆಯಲ್ಲಿ ಇಟ್ಟಲ್ಲೇ ಬಿದ್ದಿತ್ತು. ಆಮೇಲೆ ಬೇರೆ ಕಾಗದಗಳಡಿಯಲ್ಲಿ ಮುಚ್ಚಿಹೋಗಿತ್ತು. ತಮಗಾಗಿ ಬರೆದುದನ್ನು ಏಕೆ ನುಡಿಸುತ್ತಿಲ್ಲವೆಂದು ರಾಮ್ ಮತ್ತು ಪುಂಟೊ ಕೆರಳಿ ಕೇಳಿದರು. ಇದರ ಹಿಂದೆ ಕಾಂಬಿನಿ ಎಂಬ ಇಟಲಿಯ ಸಂಗೀತಕಾರನ ಕೈವಾಡವಿದೆಯೆಂದು ಮೊಜಾರ್ಟ್ ಶಂಕಿಸಿದನು. ಕಾಂಬಿನಿ ಇದೇ ಪ್ರಕಾರದಲ್ಲಿ ಹೇರಳವಾಗಿ ರಚಿಸುತ್ತಿದ್ದವನು. ಅದೇ ವರ್ಷ ಜುಲೈ 3ರಂದು ಮೊಜಾರ್ಟನ ತಾಯಿ ಪ್ಯಾರಿಸಿನಲ್ಲಿಯೇ ತೀರಿಕೊಂಡಳು. ಅಕ್ಟೋಬರಿನಲ್ಲಿ ಊರಿಗೆ ಮರಳುವ ದಾರಿಯಲ್ಲಿ ಬರೆದ ಪತ್ರದಲ್ಲಿ, ಆ ಕೃತಿ ತನ್ನ ಬಳಿ ಮಾತ್ರ ಇದೆಯೆಂದು ಲೆಗ್ರೋ ಭಾವಿಸಿದ್ದಾನೆ, ಆದರೆ ಅದು ತನ್ನ ತಲೆಯಲ್ಲಿ ಇನ್ನೂ ಹಸಿಯಾಗಿದೆ, ಮನೆ ಸೇರಿದೊಡನೆ ಮತ್ತೆ ಬರೆದಿಡುವೆನೆಂದು ಹೇಳಿಕೊಂಡಿದ್ದಾನೆ. ಹಾಗೆ ಬರೆದುದಕ್ಕೆ ಆಧಾರವಿಲ್ಲ. ಮೊಜಾರ್ಟನ ಕೈಬರಹದ ಪ್ರತಿ ಅಲ್ಲಿಗೆ ಕಣ್ಮರೆಯಾಯಿತು.

ಮೊಜಾರ್ಟನ ಜೀವನಚರಿತ್ರೆ ಬರೆದ ಜರ್ಮನ್ ವಿದ್ವಾಂಸ ಓಟೊ ಯಾನ್ 1869ರಲ್ಲಿ ನಿಧನನಾದನು. ಅವನ ಸಂಗ್ರಹದಲ್ಲಿ ಪ್ರತಿಕಾರನೊಬ್ಬನು ಬರೆದ ಹಸ್ತಪ್ರತಿಯೊಂದು ದೊರೆಯಿತು. ಅದೂ ನಾಲ್ಕು ಸುಷಿರವಾದ್ಯಗಳ ಸಿನ್‌ಫೋನಿಯಾ ಕನ್ಸರ್ಟಾಂಟೆಯೇ. ಆದರೆ ಅದರಲ್ಲಿ ಕೊಳಲು ಇರಲಿಲ್ಲ. ಓಬೋ, ಹಾರ್ನ್, ಬಸೂನ್‌ಗಳ ಜೊತೆಗೆ ಕ್ಲಾರಿನೆಟ್ ಇತ್ತು. ಕಳೆದುಹೋದ ಕೃತಿ ಇದೇ ಎಂದು ಹಲವರು ಬಗೆದರು. ಇನ್ನೊಂದು ಸಂಗತಿಯೂ ಶಂಕೆಗೆ ಎಡೆಗೊಟ್ಟಿತು. ಕೃತಿಯ ಮೂರು ಭಾಗಗಳೂ, ಅಂದರೆ ಆರಂಭದ ಅಲೆಗ್ರೊ, ನಡುವಿನ ಅದಾಜಿಯೊ, ಕೊನೆಯ ಹತ್ತು ರೂಪಾಂತರಗಳ ಆಂಡಾಂಟಿನೊ, ಒಂದೇ ಆಧಾರಶ್ರುತಿಯಲ್ಲಿವೆ. ಕನ್ಸರ್ಟೊಗಳಲ್ಲಿ ನಡುವಿನ ಭಾಗಕ್ಕೆ ಶ್ರುತಿಯನ್ನು ಬದಲಿಸುವುದು ಮೊಜಾರ್ಟನ ರೂಢಿ.

ಕೃತಿಗಳ ಪಟ್ಟಿಯಲ್ಲಿ ಇದಕ್ಕೆ ದೊರೆತ ಸ್ಥಾನವೇ ವಿವಾದದ ಇತಿಹಾಸವನ್ನು ಹೇಳುತ್ತದೆ. ಕೋಷೆಲ್ ತಯಾರಿಸಿದ ಮೊಜಾರ್ಟ್ ಕೃತಿಸೂಚಿಯ ಮೊದಲ ಆವೃತ್ತಿಯಲ್ಲಿ ಕಳೆದುಹೋದ ಮೂಲಕೃತಿಯು ಅನುಬಂಧದಲ್ಲಿತ್ತು. 1937ರ ಮೂರನೆಯ ಆವೃತ್ತಿಯಲ್ಲಿ ಆಲ್ಫ್ರೆಡ್ ಐನ್‌ಸ್ಟೈನ್ ಎಂಬ ಸಂಗೀತಶಾಸ್ತ್ರಜ್ಞನು ಇದನ್ನು 297ಬಿ ಎಂಬ ಸಂಖ್ಯೆಯೊಡನೆ ಮುಖ್ಯಪಟ್ಟಿಗೆ ಸೇರಿಸಿದನು. 1964ರ ಆರನೆಯ ಆವೃತ್ತಿಯ ಸಂಪಾದಕರು ದೊರೆತಿರುವ ಪಠ್ಯವನ್ನು ಮತ್ತೆ ಹೊರತೆಗೆದು, ಸಂದೇಹಾಸ್ಪದ ಕೃತಿಗಳ ಅನುಬಂಧಕ್ಕೆ ಕಳಿಸಿದರು. ಕೃತಿಯ ಒಂದು ಸ್ವರವೂ ಬದಲಾಗದೆ ಅದರ ಕುಲಗೋತ್ರ ಮಾತ್ರ ಬದಲಾಗುತ್ತ ಹೋಯಿತು.

ಈ ಗೊಂದಲಕ್ಕೆ ಹೊಸ ಬೆಳಕು ತಂದವನು ಅಮೆರಿಕದ ಪಿಯಾನೊವಾದಕ ಮತ್ತು ವಿದ್ವಾಂಸ ರಾಬರ್ಟ್ ಲೆವಿನ್. ಡೇನಿಯಲ್ ಲೀಸನ್ ಎಂಬವರೊಡನೆ ಸೇರಿ ಅವನು ಮೊಜಾರ್ಟನ ನಿಸ್ಸಂದೇಹವಾದ ಕನ್ಸರ್ಟೊಗಳಲ್ಲಿ ಮುಖ್ಯವಾದಕರ ಪಾಲು ಮತ್ತು ವೃಂದದ ಪಾಲು ಯಾವ ಪ್ರಮಾಣದಲ್ಲಿ ಹಂಚಿಕೆಯಾಗುತ್ತವೆಂದು ಅಳೆದು ನೋಡಿದನು. 1988ರಲ್ಲಿ ಈ ಪ್ರಶ್ನೆಗೇ ಮೀಸಲಾದ ಗ್ರಂಥವನ್ನೂ ಪ್ರಕಟಿಸಿದನು. ಅವನ ನಿಲುವಿನ ಸಾರವಿದು: ದೊರೆತಿರುವ ಪ್ರತಿಯಲ್ಲಿ ನಾಲ್ವರು ಮುಖ್ಯವಾದಕರ ಭಾಗಗಳು ಮೂಲತಃ ಮೊಜಾರ್ಟನವು, ಅವನ್ನು ಯಾರೋ ತಿದ್ದಿ ವಾದ್ಯಗಳನ್ನು ಅದಲುಬದಲು ಮಾಡಿದ್ದಾರೆ. ಕೊಳಲಿನ ಪಾಲು ಓಬೋಗೆ ಬಂದಿದೆ, ಓಬೋದ ಪಾಲು ಕ್ಲಾರಿನೆಟ್‌ಗೆ ಹೋಗಿದೆ. ಸುತ್ತಲಿನ ವೃಂದಭಾಗವಾದರೋ ಇನ್ನೊಬ್ಬನ ಕೈಯದು. ಈ ನಿಲುವಿಗೆ ತಕ್ಕಂತೆ ಅವನು ಕೊಳಲನ್ನು ಮರಳಿ ತಂದು, ವೃಂದಭಾಗವನ್ನು ಹೊಸದಾಗಿ ಬರೆದು ಪುನಾರಚನೆಯನ್ನೂ ಸಿದ್ಧಪಡಿಸಿದನು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿದ್ದಾರೆಂದಲ್ಲ. ಆದರೆ ಪ್ರಶ್ನೆಯ ರೂಪವೇ ಬದಲಾಯಿತು. ಅದುವರೆಗೆ ಕೇಳುತ್ತಿದ್ದುದು ಇದು ಮೊಜಾರ್ಟನದೇ, ಅಲ್ಲವೇ ಎಂದು. ಇದರಲ್ಲಿ ಯಾವುದು ಮೊಜಾರ್ಟನದು ಎಂಬುದು ಲೆವಿನ್ನನ ಪ್ರಶ್ನೆ.

ಈ ಎರಡು ಪ್ರಶ್ನೆಗಳ ನಡುವಿನ ಅಂತರವನ್ನು ಕನ್ನಡ ಸಾಹಿತ್ಯಚರಿತ್ರೆಯ ಅಭ್ಯಾಸಿಗಳು ಚೆನ್ನಾಗಿ ಬಲ್ಲರು. ‘ಕವಿರಾಜಮಾರ್ಗ’ವನ್ನು 1898ರಲ್ಲಿ ಕೆ. ಬಿ. ಪಾಠಕರು ಪ್ರಕಟಿಸಿದಾಗ ಅದು ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗನ ಕೃತಿಯೆಂದೇ ಲೋಕಕ್ಕೆ ಪರಿಚಯವಾಯಿತು. ಆದರೆ ಗ್ರಂಥವೇ ತನ್ನನ್ನು ‘ನೃಪತುಂಗದೇವಾನುಮತ’ ಎಂದು ಕರೆದುಕೊಳ್ಳುತ್ತದೆ. ‘ಅನುಮತ’ ಎಂದರೆ ಒಪ್ಪಿದ್ದು, ಸಮ್ಮತಿಸಿದ್ದು, ‘ಕೃತ’ ಅಲ್ಲ. ಈ ಒಂದು ಪದವನ್ನು ಹಿಡಿದು ವಿದ್ವಾಂಸರು ಶ್ರೀವಿಜಯನನ್ನು ಕರ್ತೃವೆಂದು ಗುರುತಿಸಿದರು. ಅರಸನ ಮತ ಯಾವುದು, ಕವಿಯ ಮಾತು ಯಾವುದು ಎಂದು ಬಿಡಿಸುವ ಕೆಲಸ ಅಲ್ಲಿಂದ ಮುಂದೆ ಸಾಗಿತು. ‘ವಡ್ಡಾರಾಧನೆ’ಯದೂ ಇಂಥದೇ ಕಥೆ. ಶಿವಕೋಟ್ಯಾಚಾರ್ಯನ ಹೆಸರಿನಲ್ಲಿ ಪ್ರಸಿದ್ಧವಾದ ಈ ಗದ್ಯಕೃತಿಯ ಕರ್ತೃತ್ವವನ್ನು, ಅದರ ಹೆಸರನ್ನು ಕೂಡ, ಮುಂದಿನ ತಲೆಮಾರಿನ ಸಂಶೋಧಕರು ಪ್ರಶ್ನಿಸಿದರು. ಭ್ರಾಜಿಷ್ಣುವಿನ ‘ಆರಾಧನಾ ಕರ್ಣಾಟ ಟೀಕೆ’ಯೊಡನೆ ಅದರ ಸಂಬಂಧವೇನೆಂಬ ಚರ್ಚೆ ಬೆಳೆಯಿತು. ಹರಿಷೇಣನ ‘ಬೃಹತ್ಕಥಾಕೋಶ’ವನ್ನು ಸಂಪಾದಿಸಿದ ಆ. ನೇ. ಉಪಾಧ್ಯೆಯವರು 1943ರಲ್ಲಿಯೇ ಆರಾಧನಾ ಕಥಾಪರಂಪರೆಯ ಒಳಗೆ ಈ ಕನ್ನಡ ಕೃತಿಯನ್ನಿಟ್ಟು ನೋಡಿದ್ದರು.

ಮೂಲವೇ ಕಳೆದುಹೋಗಿ, ಹೆಸರು ಮಾತ್ರ ಉಳಿದ ಕೃತಿಗಳ ಪಟ್ಟಿ ಇನ್ನೂ ದೀರ್ಘವಾದುದು. ಒಂದನೆಯ ಗುಣವರ್ಮನ ‘ಶೂದ್ರಕ’ ಮತ್ತು ‘ಹರಿವಂಶ’ಗಳು ಇಡಿಯಾಗಿ ದೊರೆತಿಲ್ಲ, ನಂತರದವರು ಉದಾಹರಿಸಿದ ಪದ್ಯಗಳಿಂದಲೇ ಅವನ ಕವಿತ್ವದ ಪರಿಚಯವಾಗುತ್ತದೆ. ಪೊನ್ನನ ‘ಭುವನೈಕರಾಮಾಭ್ಯುದಯ’, ರನ್ನನ ‘ಪರಶುರಾಮಚರಿತ’ ಮತ್ತು ‘ಚಕ್ರೇಶ್ವರಚರಿತ’ಗಳದೂ ಇದೇ ಗತಿ. ‘ಶಬ್ದಮಣಿದರ್ಪಣ’ದ ಕೇಶಿರಾಜನದು ಇನ್ನೊಂದು ಬಗೆಯ ವೈಪರೀತ್ಯ. ಸೂತ್ರಗಳಿಗೆ ಪ್ರಯೋಗವನ್ನು ಹುಡುಕುತ್ತ ಅವನು ಹಿಂದಿನ ಎಷ್ಟೋ ಕವಿಗಳ ಪದ್ಯಗಳನ್ನು ಉಳಿಸಿಕೊಟ್ಟನು. ಅವನೇ ಹೆಸರಿಸಿಕೊಂಡ ಅವನ ಕಾವ್ಯಗಳು ಮಾತ್ರ ಉಳಿಯಲಿಲ್ಲ. ಮೊಜಾರ್ಟನ ತಲೆಯಲ್ಲಿ ಹಸಿಯಾಗಿದ್ದ ಕೃತಿಗೂ ಕೇಶಿರಾಜನ ಕಾವ್ಯಗಳಿಗೂ ಒದಗಿದ್ದು ಒಂದೇ ವಿಧಿ: ಪ್ರತಿಯಿಲ್ಲದಿದ್ದರೆ ಕರ್ತೃವಿನ ಮಾತೂ ಸಾಕ್ಷಿಯಾಗಿ ಮಾತ್ರ ಉಳಿಯುತ್ತದೆ, ಕೃತಿಯಾಗಿ ಅಲ್ಲ.

ಇಲ್ಲಿ ಜೈನ ತರ್ಕದ ಒಂದು ಪಾಠ ಸಂಪಾದಕನಿಗೆ ನೆರವಾಗುತ್ತದೆ. ಸ್ಯಾದ್ವಾದವೆಂದರೆ ‘ಇರಬಹುದು, ಇಲ್ಲದಿರಬಹುದು’ ಎಂಬ ಅನಿಶ್ಚಯವೆಂದು ಎಷ್ಟೋ ಜನ ತಪ್ಪು ತಿಳಿದಿದ್ದಾರೆ. ‘ಸ್ಯಾತ್’ ಎಂಬುದು ಸಂಶಯಸೂಚಕವಲ್ಲ. ಯಾವ ಅಪೇಕ್ಷೆಯಿಂದ ಹೇಳುತ್ತಿದ್ದೇವೆ ಎಂಬುದನ್ನು ಸ್ಪಷ್ಟಪಡಿಸಬೇಕೆಂಬ ನಿಯಮ ಅದು. ಮುಖ್ಯವಾದಕರ ಭಾಗಗಳ ಅಪೇಕ್ಷೆಯಿಂದ ಈ ಕೃತಿ ಮೊಜಾರ್ಟನದು, ವೃಂದಭಾಗದ ಅಪೇಕ್ಷೆಯಿಂದ ಅವನದಲ್ಲ ಎಂದು ಲೆವಿನ್ ಹೇಳಿದರೆ ಅದು ಜಾರಿಕೆಯ ಉತ್ತರವಲ್ಲ. ಇಡೀ ಕೃತಿಗೆ ‘ಹೌದು’ ಎಂದು ಮುದ್ರೆ ಒತ್ತಿದ ಐನ್‌ಸ್ಟೈನನ ಮಾತಿಗಿಂತ, ‘ಅಲ್ಲ’ ಎಂದು ಹೊರಹಾಕಿದವರ ಮಾತಿಗಿಂತ, ಅದು ಹೆಚ್ಚು ಖಚಿತವಾದುದು; ತಪ್ಪಿದ್ದರೆ ಎಲ್ಲಿ ತಪ್ಪಿದೆಯೆಂದು ತೋರಿಸಲು ಬರುವಂಥದು. ಕರ್ತೃತ್ವ ನಿರ್ಣಯದಲ್ಲಿ ನೀತಿಯ ಪ್ರಶ್ನೆಯೂ ಅಡಗಿದೆ. ಒಬ್ಬನ ರಚನೆಯನ್ನು ಅವನಿಂದ ಕಸಿದುಕೊಳ್ಳುವುದು ಅಚೌರ್ಯಕ್ಕೆ ವಿರುದ್ಧವಾದರೆ, ಹೆಸರಿನ ಪ್ರಭೆಗಾಗಿ ಇನ್ನೊಬ್ಬನ ದುಡಿಮೆಯನ್ನು ಅವನ ಖಾತೆಗೆ ಜಮಾ ಮಾಡುವುದೂ ಅಷ್ಟೇ ವಿರುದ್ಧ. ಆ ವೃಂದಭಾಗವನ್ನು ಹೆಸರಿಲ್ಲದ ಯಾರೋ ಬರೆದಿದ್ದರೆ, ಕೇಳುಗರು ಮೊಜಾರ್ಟನಿಗೆ ಸಲ್ಲಿಸಿದ ಮೆಚ್ಚುಗೆಯಲ್ಲಿ ಅವನಿಗೂ ಪಾಲಿದೆ.

ಈ ಕೃತಿಯ ಹೆಸರಾಂತ ಧ್ವನಿಮುದ್ರಣಗಳಲ್ಲೊಂದು ನಡೆದದ್ದು 1953ರ ನವೆಂಬರಿನಲ್ಲಿ. ವೃಂದ ಲಂಡನ್ನಿನ ಫಿಲ್ಹಾರ್ಮೋನಿಯಾ. ನಿರ್ದೇಶಕ ಹರ್ಬರ್ಟ್ ಫಾನ್ ಕಾರಾಯಾನ್. ಓಬೋ ಸಿಡ್ನಿ ಸಟ್‌ಕ್ಲಿಫ್, ಕ್ಲಾರಿನೆಟ್ ಬರ್ನಾರ್ಡ್ ವಾಲ್ಟನ್, ಹಾರ್ನ್ ಡೆನಿಸ್ ಬ್ರೈನ್, ಬಸೂನ್ ಸೆಸಿಲ್ ಜೇಮ್ಸ್. ನಾಲ್ವರೂ ಆ ವೃಂದದವರೇ. ಇವರಲ್ಲಿ ಡೆನಿಸ್ ಬ್ರೈನ್ ಇಪ್ಪತ್ತನೆಯ ಶತಮಾನದ ಅಗ್ರಗಣ್ಯ ಹಾರ್ನ್‌ವಾದಕ. 1957ರ ಸೆಪ್ಟೆಂಬರ್ 1ರಂದು, ಮೂವತ್ತಾರನೆಯ ವಯಸ್ಸಿನಲ್ಲಿ, ಎಡಿನ್‌ಬರೋ ಉತ್ಸವ ಮುಗಿಸಿ ಲಂಡನ್ನಿಗೆ ಹಿಂದಿರುಗುವಾಗ ಕಾರು ಅಪಘಾತದಲ್ಲಿ ಮಡಿದನು.

ಫಿಲ್ಹಾರ್ಮೋನಿಯಾ ವೃಂದವನ್ನು 1945ರಲ್ಲಿ ಕಟ್ಟಿದವನು ಧ್ವನಿಮುದ್ರಣ ಸಂಸ್ಥೆಯಲ್ಲಿದ್ದ ವಾಲ್ಟರ್ ಲೆಗ್. ಯುದ್ಧಾನಂತರದ ಇಂಗ್ಲೆಂಡಿನಲ್ಲಿ ಹಣದ ಮುಗ್ಗಟ್ಟು ತೀವ್ರವಾಗಿತ್ತು. ಆ ಕಾಲದಲ್ಲಿ ವೃಂದಕ್ಕೆ ಒತ್ತಾಸೆಯಾದವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರು. 1919ರಲ್ಲಿ ಜನಿಸಿ 1940ರಲ್ಲಿ ಪಟ್ಟಕ್ಕೆ ಬಂದ ಇವರು ಕರ್ನಾಟಕ ಸಂಗೀತದಲ್ಲಿ ಶ್ರೀವಿದ್ಯಾ ಮುದ್ರಿಕೆಯ ತೊಂಬತ್ತಕ್ಕೂ ಹೆಚ್ಚು ಕೃತಿಗಳ ವಾಗ್ಗೇಯಕಾರರು; ಪಾಶ್ಚಾತ್ಯ ಸಂಗೀತದಲ್ಲಿ ಪಿಯಾನೊ ಕಲಿತವರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಬಡತನ, ಅನಾರೋಗ್ಯಗಳಲ್ಲಿ ಬಹುಮಟ್ಟಿಗೆ ಮರೆತುಹೋಗಿದ್ದಾಗ ಅವನ ಹೆಸರಿನಲ್ಲಿ ಸಂಘವನ್ನು ಸ್ಥಾಪಿಸಿ, ಅವನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸುವಂತೆ ಮಾಡಿದರು. ಮೂರು ಪಿಯಾನೊ ಕನ್ಸರ್ಟೊಗಳಲ್ಲಿ ಜೊತೆನೀಡಿದ ವೃಂದ ಫಿಲ್ಹಾರ್ಮೋನಿಯಾ. ಮೂರನೆಯ ಕನ್ಸರ್ಟೊವನ್ನು ಮೆಟ್ನರ್ ಮೈಸೂರು ಮಹಾರಾಜರಿಗೆ ಅರ್ಪಿಸಿದನು. 1951ರಲ್ಲಿ ಅವನು ತೀರಿಕೊಂಡಾಗ ಅವನ ವಾದನ ಧ್ವನಿತಟ್ಟೆಗಳಲ್ಲಿ ಭದ್ರವಾಗಿತ್ತು.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸನ ‘ನಾಲ್ಕು ಕೊನೆಯ ಹಾಡುಗಳು’ ಮೊದಲ ಬಾರಿಗೆ ಪ್ರಯೋಗಗೊಂಡವು. ಸ್ಟ್ರಾಸ್ ಅದಕ್ಕೆ ಎಂಟು ತಿಂಗಳ ಹಿಂದೆ ಗತಿಸಿದ್ದನು. ಹಾಡಿದವಳು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶಕ ಫುರ್ಟ್‌ವೆಂಗ್ಲರ್, ವೃಂದ ಫಿಲ್ಹಾರ್ಮೋನಿಯಾ. ಈ ಪ್ರಯೋಗಕ್ಕೆ 4,800 ಡಾಲರುಗಳ ಭರವಸೆ ನೀಡಿದವರು ಜಯಚಾಮರಾಜೇಂದ್ರ ಒಡೆಯರು. ಅವರು ಸಭೆಯಲ್ಲಿ ಇರಲಾಗಲಿಲ್ಲ. ಧ್ವನಿಮುದ್ರಣ ಮೈಸೂರಿಗೆ ತಲುಪಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಅವರ ಸಂಗ್ರಹದಲ್ಲಿ ಆಗ ಸುಮಾರು 20,000 ಧ್ವನಿತಟ್ಟೆಗಳಿದ್ದುವೆಂದು ಹೇಳಲಾಗುತ್ತದೆ. ಆ ಹಾಡುಗಳಲ್ಲಿ ‘ಸೆಪ್ಟೆಂಬರ್’ ಎಂಬುದು ಹಾರ್ನ್‌ನ ಒಂಟಿ ನುಡಿಯೊಂದಿಗೆ ಮುಗಿಯುತ್ತದೆ. ಸ್ಟ್ರಾಸನ ತಂದೆ ಹಾರ್ನ್‌ವಾದಕನಾಗಿದ್ದನೆಂಬುದನ್ನು ಬಲ್ಲವರಿಗೆ ಆ ಮುಕ್ತಾಯದ ಅರ್ಥ ಬಿಡಿಸಿ ಹೇಳಬೇಕಿಲ್ಲ. 1953ರ ಮೊಜಾರ್ಟ್ ಧ್ವನಿಮುದ್ರಣವನ್ನು ಮೈಸೂರಿನ ಹಣದ ಫಲವೆಂದು ಹೇಳುವುದು ಅತಿಶಯೋಕ್ತಿಯಾದೀತು. ಆ ನಾಲ್ವರು ವಾದಕರಿದ್ದ ವೃಂದ ತನ್ನ ಎಳೆಯ ದಿನಗಳಲ್ಲಿ ನಿಲ್ಲಲು ನೆರವಾದವರಲ್ಲಿ ಕನ್ನಡ ನಾಡಿನ ಅರಸರೊಬ್ಬರಿದ್ದರು ಎಂಬಷ್ಟು ಮಾತ್ರ ನಿಶ್ಚಿತ.

ಈ ಪೋಷಣೆಯ ಸ್ವರೂಪ ಗಮನಾರ್ಹವಾದುದು. ಅರಸರು ಕಲಾವಿದರನ್ನು ಆಸ್ಥಾನಕ್ಕೆ ಕರೆಸಿ ಸನ್ಮಾನಿಸುವುದು ಹಳೆಯ ಪದ್ಧತಿ. ಅದರ ಫಲವನ್ನು ಹುಬ್ಬಳ್ಳಿ ಧಾರವಾಡಗಳೂ ಉಂಡಿವೆ: ಮೈಸೂರು ಆಸ್ಥಾನಕ್ಕೆ ಹೋಗಿಬರುತ್ತಿದ್ದ ಅಬ್ದುಲ್ ಕರೀಂ ಖಾನರು ದಾರಿಯಲ್ಲಿ ಧಾರವಾಡ ಸೀಮೆಯಲ್ಲಿ ತಂಗುತ್ತಿದ್ದುದರಿಂದ ಕುಂದಗೋಳದ ಸವಾಯಿ ಗಂಧರ್ವರಂಥ ಶಿಷ್ಯರು ತಯಾರಾದರು, ಕಿರಾನಾ ಘರಾನೆ ಈ ಭಾಗದಲ್ಲಿ ಬೇರೂರಿತು. ಮೆಟ್ನರನ ವಿಷಯದಲ್ಲಿ ಒಡೆಯರು ಮಾಡಿದ್ದು ಬೇರೆ ಬಗೆಯದು. ಅವರು ಕೊಟ್ಟದ್ದು ಪ್ರತಿಗಳಿಗೆ.

ಈ ಬಗೆಯ ದಾನಕ್ಕೆ ಕನ್ನಡ ನಾಡಿನಲ್ಲಿ ಸಾವಿರ ವರ್ಷದ ಪೂರ್ವನಿದರ್ಶನವಿದೆ. ಪೊನ್ನನಿಂದ ‘ಶಾಂತಿಪುರಾಣ’ವನ್ನು ಬರೆಯಿಸಿದವರು ಮಲ್ಲಪ ಮತ್ತು ಪುನ್ನಮಯ್ಯ ಎಂಬ ಸಹೋದರರು. ಮಲ್ಲಪನ ಮಗಳು ಅತ್ತಿಮಬ್ಬೆ ಆ ಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. 993ರಲ್ಲಿ ರನ್ನನ ‘ಅಜಿತಪುರಾಣ’ ಸಿದ್ಧವಾದುದೂ ಅವಳ ಆಶ್ರಯದಲ್ಲಿ. ಗದಗಿನ ಬಳಿಯ ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. ಆಹಾರ, ಅಭಯ, ಔಷಧಗಳೊಡನೆ ಶಾಸ್ತ್ರದಾನವನ್ನು ಎಣಿಸಿದ ಪರಂಪರೆಯಲ್ಲಿ ಪ್ರತಿ ಮಾಡಿಸುವುದು ಪುಣ್ಯಕಾರ್ಯ. ಅತ್ತಿಮಬ್ಬೆ ಪ್ರತಿ ಮಾಡಿಸಿದ ‘ಶಾಂತಿಪುರಾಣ’ ಉಳಿಯಿತು. ಅದೇ ಪೊನ್ನನ ‘ಭುವನೈಕರಾಮಾಭ್ಯುದಯ’ ಉಳಿಯಲಿಲ್ಲ. ಇದಕ್ಕೆ ಇದೊಂದೇ ಕಾರಣವೆನ್ನಲಾಗದು. ಆದರೂ ಈ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ, ಲೆಗ್ರೋನ ಮನೆಯಲ್ಲಿ ಪ್ರತಿಯಾಗದೆ ಬಿದ್ದಿದ್ದ ಹಾಳೆಗಳ ಬೆಲೆ ಏನೆಂದು ತಿಳಿಯುತ್ತದೆ. ಮೊಜಾರ್ಟನಿಗೆ ಪೋಷಕರಿರಲಿಲ್ಲವೆಂದಲ್ಲ, ಆ ನಾಲ್ಕು ದಿನಗಳಲ್ಲಿ ಒಬ್ಬ ಪ್ರತಿಕಾರ ಸಿಗಲಿಲ್ಲ.

ಅತ್ತಿಮಬ್ಬೆಗೂ ಜಯಚಾಮರಾಜೇಂದ್ರರಿಗೂ ಒಂದು ಭೇದವುಂಟು. ಅವಳ ಪ್ರತಿಗಳು ಹಂಚಲೆಂದೇ ಆದವು. ಮೈಸೂರಿಗೆ ಬಂದ ಸ್ಟ್ರಾಸನ ಧ್ವನಿಮುದ್ರಣ ಅರಮನೆಯ ಖಾಸಗಿ ಸಂಗ್ರಹಕ್ಕೆ ಸಂದಿತು. ಆದರೆ ಮೆಟ್ನರನ ತಟ್ಟೆಗಳು ಮಾರುಕಟ್ಟೆಗೆ ಬಂದು ಲೋಕದ ಸ್ವತ್ತಾದವು. ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯ ಮೂಲಕ ವೇದ, ಪುರಾಣಗಳ ಕನ್ನಡ ಅನುವಾದಗಳು ಸಾಮಾನ್ಯ ಓದುಗರ ಕೈಸೇರಿದುದೂ ಅವರ ಕಾಲದಲ್ಲಿಯೇ. ಖಾಸಗಿ ಅಭಿರುಚಿ ಮತ್ತು ಸಾರ್ವಜನಿಕ ದಾನ ಎರಡೂ ಒಬ್ಬರಲ್ಲಿಯೇ ಸೇರಿದ್ದವು.

ಸುಷಿರವಾದ್ಯಗಳಿಗೆ ಕನ್ನಡ ನಾಡಿನ ಚರಿತ್ರೆಯಲ್ಲಿ ಕಡಿಮೆ ಸ್ಥಾನವೇನಿಲ್ಲ. ಶಾಸನಗಳಲ್ಲಿ ಮಹಾಸಾಮಂತರ ಬಿರುದಾವಳಿ ಆರಂಭವಾಗುವುದೇ ‘ಸಮಧಿಗತ ಪಂಚಮಹಾಶಬ್ದ’ ಎಂಬ ವಿಶೇಷಣದಿಂದ. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಈ ಐದನ್ನು ಎಣಿಸುವ ಸಂಪ್ರದಾಯವಿದೆ. ಅವುಗಳಲ್ಲಿ ಕೊಂಬು ಮತ್ತು ಶಂಖ ಉಸಿರಿನಿಂದ ನುಡಿಯುವಂಥವು. ಒಬ್ಬ ಸಾಮಂತನ ಅಂತಸ್ತನ್ನು ಅವನೆದುರು ಮೊಳಗುವ ನಾದದಿಂದ ಅಳೆಯುತ್ತಿದ್ದ ಕಾಲವದು. ಉತ್ತರ ಕರ್ನಾಟಕದ ಕರಡಿ ಮಜಲಿನಲ್ಲಿ ಕರಡಿ ವಾದ್ಯದ ಜೊತೆಗೆ ಸನಾದಿ ಇಂದಿಗೂ ನುಡಿಯುತ್ತದೆ. ಓಬೋದಂತೆ ಅದೂ ಜೋಡಿ ನಾಲಗೆಯ ವಾದ್ಯ. ಹುಬ್ಬಳ್ಳಿ ಧಾರವಾಡಗಳ ನಡುವಣ ರಾಯಾಪುರದಂಥ ಊರುಗಳ ಕೇಳುಗರಿಗೆ ಓಬೋ ಎಂಬ ಹೆಸರು ಹೊಸದಾದೀತು, ಆ ನಾದದ ಕುಲ ಹೊಸದಲ್ಲ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ದಕ್ಷಿಣ ಕನ್ನಡದ ಹುಡುಗನೊಬ್ಬ ಮುಂದೆ ಕದ್ರಿ ಗೋಪಾಲನಾಥರಾಗಿ ಆ ವಾದ್ಯವನ್ನು ಕರ್ನಾಟಕ ಸಂಗೀತದ ಮುಖ್ಯವೇದಿಕೆಗೆ ತಂದದ್ದು ಈಚಿನ ಚರಿತ್ರೆ.

ಪಂಚಮಹಾಶಬ್ದವನ್ನು ಪಡೆದ ಸಾಮಂತರ ಹೆಸರುಗಳು ನೂರಾರು ಶಾಸನಗಳಲ್ಲಿವೆ; ಬಿರುದಿನ ಆ ಸಾಲಿನಲ್ಲಿ ಕೊಂಬನ್ನು ಊದಿದವನ ಹೆಸರಿಗೆ ಜಾಗವಿಲ್ಲ. 1778ರ ಕೃತಿಯ ವಿಷಯದಲ್ಲಿ ಇದು ತಲೆಕೆಳಗಾಗಿದೆ. ಅದನ್ನು ಬರೆದವನು ಯಾರೆಂಬುದು ಭಾಗಶಃ ಸಂದಿಗ್ಧ. ವೃಂದಭಾಗವನ್ನು ಜೋಡಿಸಿದವನು ಅಜ್ಞಾತ. ಯಾನ್‌ನ ಪ್ರತಿಯನ್ನು ನಕಲು ಮಾಡಿದವನೂ ಅಜ್ಞಾತ. ಆದರೆ ಯಾರ ಉಸಿರನ್ನು ನೆನೆದು ಅದು ಹುಟ್ಟಿತೋ ಆ ನಾಲ್ವರ ಹೆಸರು ಮಗನೊಬ್ಬ ತಂದೆಗೆ ಬರೆದ ಕಾಗದದಲ್ಲಿ ಉಳಿದುಬಂದಿದೆ: ವೆಂಡ್ಲಿಂಗ್, ರಾಮ್, ಪುಂಟೊ, ರಿಟ್ಟರ್. ತಮಗಾಗಿ ಬರೆದ ಆ ಕೃತಿಯನ್ನು ಪ್ಯಾರಿಸಿನ ಆ ಕಛೇರಿಯಲ್ಲಿ ನುಡಿಸುವ ಅವಕಾಶ ಮಾತ್ರ ಅವರಿಗೆ ದೊರೆಯಲಿಲ್ಲ.